ಜಿಗಣೆ ಕೈ ಕೊಟ್ಟಿತು

೯ ಜನವರಿ

ನಮ್ಮ ಬೆಣೆಮರಿಗೆ ದೊಡ್ಡಪ್ಪನ ಆಶೀರ್ವಾದ.

ನಿಮ್ಮಪ್ಪನ ಕಾಲು ಈ ಚಳಿಗೆ ಸೆಳೆಯುತ್ತಿದೆಯೋ ಹೇಗೆ? ನಿಮ್ಮಮ್ಮ ಕಣ್ಣಿನ ಪೊರೆ ತೆಗೆಸಿದ ಮೇಲೆ ತಾನೇ ಸೂಜಿಗೆ ದಾರ ಪೋಣಿಸುತ್ತಾಳಂತೆ, ನಿಜವೇ? ಅಳಿಯಂದಿರ ಕೆಮ್ಮು ನಿಂತಿತೇ? ನಮ್ಮ ಮೊಮ್ಮಗಳು ಗುಂಡಮ್ಮನಿಗೆ ಮುಂದಿನ ಹಲ್ಲು ಎರಡೂ ಬಂದವೇ, ಇನ್ನೂ ಬಾಗಿಲು ತೆರೆದಿಟ್ಟುಕೊಂಡೇ ನಗುತ್ತಾಳೆಯೇ? ಇಲ್ಲಿ ನಾನು, ನಿಮ್ಮ ದೊಡ್ಡಮ್ಮ ಇದ್ದ ಹಾಗೇ ಇದ್ದೇವೆ. ಕೆಳಗಿನ ಬೀಗದ ಅಂಗಡಿಯವನು ಹೊಸ ಉಜ್ಜುವ ಯಂತ್ರ ತಂದಿದ್ದಾನೆ, ಬೆಳಗಿನಿಂದ ಕಿರ್ರೋ ಅನ್ನುತ್ತದೆ. ದೊಡ್ಡಮ್ಮನಿಗೆ ತಲೆನೋವು. ನನಗೆ ಹಳೆಯ ಕೆಲಸದ ಜಾಗಕ್ಕೆ ದಿನವೂ ಹೋಗಿ ಬಂದ ಹಾಗಾಗುತ್ತದೆ.

ಪ್ಲೇಟು ಕೂರಿಸುವ ತಂಡಕ್ಕೆ ನಿನ್ನನ್ನೇ ಮೇಸ್ತ್ರಿ ಮಾಡಿದರು ಎಂದು ಓದಿ ದೊಡ್ಡಮ್ಮ ಎದುರುಮನೆಯವರೆಗೂ ಹೋಗಿ ಹೇಳಿ ಬಂದಳು. “ಹಡಗಿಗೆ ಚರ್ಮ ಹೊದಿಸೋದು ನಮ್ಮ ಹುಡುಗಿ” ಅಂದಳಂತೆ. ಅವರು, “ಓ, ಚಪ್ಪಲಿ ಕೆಲಸವಾ” ಅಂದರಂತೆ. ಬಂದವಳು ಒಂದು ಗಂಟೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು.

ಆದರೆ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ, ನಿಮ್ಮಲ್ಲಿ ಈಗ ಕಿವಿ, ಬೆಣೆ ಎಲ್ಲ ಹೋಗಿ ಪೂರ್ತಿ ಜಿಗಣೆಯಲ್ಲೇ ಕೆಲಸ ಎಂದು. ಆ ಸಾಲನ್ನು ನಾನು ದೊಡ್ಡಮ್ಮನಿಗೆ ಓದಿ ಹೇಳಲಿಲ್ಲ.

ನಾನು ಸೇರಿದಾಗ ಪ್ಲೇಟಿಗೆ ಕಬ್ಬಿಣದ ತುಂಡು ಬೆಸೆಯುತ್ತಿದ್ದರು, ಅದಕ್ಕೆ ಕಿವಿ ಎಂದು ಹೆಸರು. ಕಿವಿಯ ಸಂದಿಗೆ ಬೆಣೆ ಹೊಡೆದು ಹೊಡೆದು ಪ್ಲೇಟನ್ನು ಹಡಗಿನ ಪಕ್ಕೆಲುಬಿಗೆ ಒತ್ತಿಸಬೇಕು. ಎಲ್ಲ ಮುಗಿದ ಮೇಲೆ ಕಿವಿ ಕತ್ತರಿಸಿ ಉಜ್ಜಬೇಕು; ಹಡಗಿನ ಮೈತುಂಬ ಗಾಯದ ಕಲೆ. (ನನಗೂ ನಿಮ್ಮಪ್ಪನಿಗೂ ನಡುವೆ ನುಗ್ಗಿ ಮಲಗುತ್ತಿದ್ದ ನಿನಗೆ ಆ ಬೆಣೆಯ ಹೆಸರೇ ಇಟ್ಟದ್ದು.) ಆಮೇಲೆ ಜಿಗಣೆ ಬಂತು. ಇಟ್ಟಿಗೆಯಷ್ಟು ದಪ್ಪದ ಅಯಸ್ಕಾಂತದ ಪೆಟ್ಟಿಗೆ, ಮೇಲೊಂದು ಹಿಡಿಕೆ. ಈಚೆ ತಿರುಗಿಸಿದರೆ ಟಕ್ ಎಂದು ಕಚ್ಚಿತು, ಆಚೆ ತಿರುಗಿಸಿದರೆ ಬಿಟ್ಟಿತು. ಗಾಯವೂ ಇಲ್ಲ, ಕಲೆಯೂ ಇಲ್ಲ. ನಾವು ಕುಣಿದಾಡಿದ್ದೆವು.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕೆರೆಯ ಜಿಗಣೆಯ ಹಾಗೇ ಇದೂ. ನೇರ ಎಳೆದರೆ ಬರುವುದಿಲ್ಲ, ಉಗುರಿನಿಂದ ಪಕ್ಕಕ್ಕೆ ಜಾರಿಸಿದರೆ ಬರುತ್ತದೆ. ಬಣ್ಣ ಬಳಿದ ಮೈಯಾದರೆ, ತುಕ್ಕಿನ ಒಂದು ಚಕ್ಕೆ ನಡುವೆ ಸಿಕ್ಕಿದ್ದರೆ, ಅದರ ಬಲ ಎಷ್ಟು ಹೋಯಿತು ಎಂದು ಹೇಳುವುದಕ್ಕಾಗದು. ಕಚ್ಚಿಸುವ ಮುಂಚೆ ಬಟ್ಟೆಯಿಂದ ಒರೆಸಿ ಸುಮ್ಮನಾಗಬೇಡ, ಬರಿ ಅಂಗೈ ಆಡಿಸಿ ನೋಡು.

ಇನ್ನೊಂದು ಕೇಳುತ್ತೇನೆ, ನಗಬೇಡ. ಪ್ಲೇಟಿನ ಕೆಳಗಿರುವವರು ಮೇಲೆ ಹಿಡಿಕೆ ಹತ್ತಿರ ಇರುವವನಿಗೆ ಏನೆಂದು ಕೂಗುತ್ತೀರಿ? ಇದಕ್ಕೆ ಮರೆಯದೆ ಉತ್ತರ ಬರೆ.

ನಿನ್ನ ದೊಡ್ಡಪ್ಪ


೨೮ ಜನವರಿ

ದೊಡ್ಡಪ್ಪ ದೊಡ್ಡಮ್ಮನಿಗೆ ನಮಸ್ಕಾರಗಳು.

ಎಲ್ಲರೂ ಚೆನ್ನಾಗಿದ್ದೇವೆ. ಗುಂಡಮ್ಮನಿಗೆ ಒಂದು ಹಲ್ಲು ಬಂತು, ಇನ್ನೊಂದು ಯೋಚನೆ ಮಾಡುತ್ತಿದೆ. ಅಮ್ಮ ದಾರ ಪೋಣಿಸುವುದಷ್ಟೇ ಅಲ್ಲ, ಇವರ ಅಂಗಿಯ ಮೇಲಿನ ಕಲೆ ಯಾವ ಹೋಟೆಲಿನದು ಎಂದೂ ಹೇಳುತ್ತಾಳೆ. ಇವರಿಗೆ ಕೆಮ್ಮು ನಿಂತಿದೆ, ಭಯ ಶುರುವಾಗಿದೆ.

ಏನೆಂದು ಕೂಗುವುದು ಅಂದರೆ? ಎಲ್ಲರೂ ಕೂಗುವ ಹಾಗೇ. ಹಿಡಿ ಅಂದರೆ ಹಿಡಿ, ಬಿಡು ಅಂದರೆ ಬಿಡು. ಮೂವತ್ತು ವರ್ಷ ಪ್ಲೇಟು ಕೂರಿಸಿದವರು ನೀವು, ನನ್ನನ್ನು ಕೇಳುತ್ತೀರಲ್ಲ.

ನೀವು ಯಾಕೆ ಹೆದರುತ್ತಿದ್ದೀರಿ ಎಂದು ನನಗೆ ತಿಳಿಯುತ್ತದೆ ದೊಡ್ಡಪ್ಪ. ಅಪ್ಪನಿಗೆ ಪೆಟ್ಟಾದಾಗ ನನಗೆ ಒಂಬತ್ತು ವರ್ಷ. ನೀವು ಬಾಗಿಲಲ್ಲಿ ನಿಂತು ಅಮ್ಮನಿಗೆ “ಜಿಗಣೆ ಕೈ ಕೊಟ್ಟಿತು” ಎಂದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅದಕ್ಕೇ ನಮ್ಮಲ್ಲಿರುವ ಹನ್ನೆರಡು ಜಿಗಣೆಗಳನ್ನೂ ದಿನಾ ಬೆಳಿಗ್ಗೆ ಮೂರು ಮೂರು ಸಲ ಕಚ್ಚಿಸಿ, ಎಳೆದು, ಜಾರಿಸಿ ನೋಡುತ್ತೇನೆ. ತಂಡಕ್ಕೆ ಒಂದೇ ಪಾಠ ಹೇಳಿದ್ದೇನೆ, “ಯಂತ್ರಾನ ನಂಬಬೇಡಿ, ನನ್ನ ಬಾಯನ್ನ ನಂಬಿ. ನಾನು ಬಿಡು ಅನ್ನೋವರೆಗೂ ಹಿಡಿಕೆ ಮುಟ್ಟಬೇಡಿ. ಅಂದಮೇಲೆ ಯೋಚನೆ ಮಾಡ್ತಾ ನಿಲ್ಲಬೇಡಿ.” ಈಗ ಹೇಳಿ, ನಿಮ್ಮ ತಮ್ಮನ ಮಗಳು ಜಾಣೆ ಹೌದೋ ಅಲ್ಲವೋ?

ಹಿಡಿಕೆ ಹತ್ತಿರ ನಿಲ್ಲುವುದು ಮೀಸೆಯಣ್ಣ. ಮುಂದಿನ ವರ್ಷ ನಿವೃತ್ತಿ. ಹೆಂಗಸಿನ ಕೈಕೆಳಗೆ ಹೇಗಿದ್ದೀಯ ಎಂದು ಪಕ್ಕದ ತಂಡದವನು ಕೆಣಕಿದ್ದಕ್ಕೆ, “ಈಯಮ್ಮ ಎಂಟೇ ಗಂಟೆ ಬೈಯೋದು ಕಣಯ್ಯ, ಮನೇಲಿ ಓವರ್‌ಟೈಮು” ಅಂದರು. ನನ್ನ ಮಾತು ಮುಗಿಯುವ ಮುಂಚೆ ಅವರ ಕೈ ಓಡುತ್ತದೆ, ಅಷ್ಟು ಚುರುಕು.

ನಿಮ್ಮ ಪತ್ರ ಅಪ್ಪನಿಗೆ ಓದಿ ಹೇಳಿದೆ. ಜಿಗಣೆ ಎಂದು ಬಂದ ಕೂಡಲೇ ಊರುಗೋಲು ತೆಗೆದುಕೊಂಡು ಹೊರಗೆ ಹೋದರು. ಇನ್ನು ಮೇಲೆ ಆ ಭಾಗ ಹಾರಿಸಿ ಓದುತ್ತೇನೆ.

ನಿಮ್ಮ ಬೆಣೆ


೭ ಫೆಬ್ರವರಿ

ಮಗಳೇ,

ನಿನ್ನ ಪತ್ರ ಬಂದು ಆರು ದಿನವಾಯಿತು. ಉತ್ತರ ಬರೆಯುವುದು, ಒಲೆಗೆ ಹಾಕುವುದು. “ಏನ್ರೀ, ಕಾಗದ ಬರೀತಿದೀರೋ ನೀರು ಕಾಯಿಸ್ತಿದೀರೋ” ಎಂದು ದೊಡ್ಡಮ್ಮ ಕೇಳಿದಳು.

ಯಂತ್ರವನ್ನು ನಂಬಬೇಡಿ, ಬಾಯನ್ನು ನಂಬಿ ಎಂದು ಬರೆದಿದ್ದೀಯಲ್ಲ, ಅದನ್ನು ನಾಲ್ಕು ಸಲ ಓದಿದೆ. ನಿನ್ನ ಕೈಯಲ್ಲಿ ನಮಸ್ಕಾರ ಮಾಡಿಸಿಕೊಳ್ಳುವವನು ನಾನು. ಈಗ ನಾನೇ ಕೈ ಮುಗಿದು ಕೇಳುತ್ತೇನೆ. ಬಾಯಲ್ಲಿ ಕೂಗುವುದು ಬೇಡ. ಸುತ್ತಿಗೆಯಿಂದ ಪಕ್ಕೆಲುಬಿನ ಮೇಲೆ ತಟ್ಟಿ. ಒಂದು ಏಟು ಹಿಡಿಯುವುದಕ್ಕೆ, ಎರಡು ಏಟು ಬಿಡುವುದಕ್ಕೆ.

ಬಿಡು ಎನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಸಲ ಬರುತ್ತದೆ ಎಂದು ಯಾವತ್ತಾದರೂ ಎಣಿಸಿದ್ದೀಯಾ? ನಾನು ನಿನ್ನೆ ಎಣಿಸಿದೆ. ಮಧ್ಯಾಹ್ನದೊಳಗೆ ದೊಡ್ಡಮ್ಮ ಮೂವತ್ತೊಂದು ಸಲ ಅಂದಳು. ಹೋಗ್ಲಿ ಬಿಡಿ. ಆಯ್ತು ಬಿಡಿ. ಬೇಗ ಉಂಡ್ಬಿಡಿ. ಬಾಗಿಲು ಹಾಕ್ಬಿಡಿ. ಅದರಲ್ಲಿ ನಿಜವಾಗಿ ಏನನ್ನಾದರೂ ಬಿಡಬೇಕಾಗಿದ್ದದ್ದು ಒಂದೇ ಸಲ, ಬೆಕ್ಕನ್ನು ಹೊರಗೆ.

ಯಾಕೆ ಎಂದು ಕೇಳಬೇಡ. ಮುದುಕನ ಹಠ ಎಂದುಕೊಂಡು ಮಾಡು.

ದೊಡ್ಡಪ್ಪ


೩ ಮಾರ್ಚ್

ದೊಡ್ಡಪ್ಪ,

ನಿಮ್ಮ ಹಠಕ್ಕೆ ಒಂದು ದಿನ ಪೂರ್ತಿ ತಟ್ಟಿ ನೋಡಿದೆವು. ಪಕ್ಕದ ಕಟ್ಟೆಯಲ್ಲಿ ಹಳೆಯ ಹಡಗಿನ ತುಕ್ಕು ಕುಟ್ಟುತ್ತಿದ್ದಾರೆ, ಇಪ್ಪತ್ತು ಜನ, ಇಪ್ಪತ್ತು ಸುತ್ತಿಗೆ. ಅವರು ಕುಟ್ಟಿದ್ದಕ್ಕೆಲ್ಲ ಮೀಸೆಯಣ್ಣ ಹಿಡಿಕೆಗೆ ಕೈ ಹಾಕಿದರು. “ಅಮ್ಮಾ, ನಾನು ಕೆಲಸ ಮಾಡ್ಲೋ ತಾಳ ಹಾಕ್ಲೋ” ಅಂದರು. ನನಗೆ ಮರಕುಟಿಗ ಮೇಸ್ತ್ರಿ ಎಂದು ಹೆಸರು ಬಿದ್ದಿದೆ. ಮರುದಿನದಿಂದ ಮತ್ತೆ ಬಾಯೇ.

ಕಾರಣ ಹೇಳಿ, ಕೇಳುತ್ತೇನೆ. ಕಾರಣ ಹೇಳದೆ ಹೆದರಿಸಿದರೆ ನಾನು ಹೆದರುತ್ತೇನೆ ಅಷ್ಟೇ, ಹುಷಾರಾಗುವುದಿಲ್ಲ.

ಮುಂದಿನ ತಿಂಗಳು ಮೂತಿಯ ಕೆಲಸ, ಹಡಗಿನ ಮುಂಭಾಗ ಕೆಳಗೆ ಬಾಗಿ ಬರುತ್ತದಲ್ಲ, ಅಲ್ಲಿ. ಅಪ್ಪನಿಗೆ ಆದದ್ದೂ ಅಲ್ಲೇ ಅಲ್ಲವೇ? ಅಪ್ಪನನ್ನು ಕೇಳುವ ಧೈರ್ಯ ನನಗಿಲ್ಲ.

ಬೆಣೆ


೧೧ ಏಪ್ರಿಲ್

ದೊಡ್ಡಪ್ಪ,

ನನ್ನ ಹಿಂದಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಕೋಪವಿದ್ದರೂ ಇದನ್ನು ಪೂರ್ತಿ ಓದಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹೋದ ವಾರ ಮೂತಿಯ ಎರಡನೇ ಪ್ಲೇಟು. ಸರಪಳಿಯಲ್ಲಿ ಎತ್ತಿ ಪಕ್ಕೆಲುಬಿಗೆ ತಾಗಿಸಿ ನಾಲ್ಕು ಜಿಗಣೆ ಕಚ್ಚಿಸಿದೆವು. ಅಂಚು ಸರಿಯಾಗಿ ಕೂತಿತು, ಬೆಸುಗೆಯವನು ಬರುವುದೊಂದೇ ಬಾಕಿ. ನಾನು ಕೆಳಗೆ ಹಲಗೆಯ ಮೇಲಿದ್ದೆ. ಎಡಗಡೆ ಸಂದಿ ಚೂರು ತೆರೆಯುತ್ತಿದೆ ಅನ್ನಿಸಿ, “ಗಟ್ಟಿಯಾಗಿ ಹಿಡ್ಕೊಂಡ್ಬಿಡು” ಎಂದು ಕೂಗಿದೆ. ಕೂಗು ಮುಗಿಯುವ ಹೊತ್ತಿಗೆ ಸರಿಯಾಗಿ ಆ ದರಿದ್ರ ಜಿಗಣೆ ಕೈ ಕೊಟ್ಟಿತು. ಪಕ್ಕದ್ದೂ ಜಾರಿತು. ಪ್ಲೇಟು ಒಂದು ಗೇಣು ಇಳಿದು ಸರಪಳಿಗೆ ನೇತುಬಿತ್ತು. ಸರಪಳಿ ಇನ್ನೂ ಬಿಚ್ಚಿರಲಿಲ್ಲ, ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮುಖಕ್ಕೂ ಅಂಚಿಗೂ ಮಧ್ಯೆ ಒಂದು ಪುಸ್ತಕ ಇಡಬಹುದಿತ್ತು. ಕಬ್ಬಿಣದ ವಾಸನೆ ಹೊಡೆಯಿತು. ನಾನು ಉಸಿರಾಡಲಿಲ್ಲ, ಉಸಿರಿಗೆ ಅದು ಅಲುಗಿದರೆ ಅನ್ನಿಸಿತು.

ಮೀಸೆಯಣ್ಣ ಬಿಳಿಚಿಕೊಂಡು ಕೆಳಗೆ ಬಂದರು. ಅವತ್ತಿನಿಂದ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದಾರೆ.

ಕೈ ಕೊಟ್ಟದ್ದು ಏಳನೇ ನಂಬರಿನ ಜಿಗಣೆ. ಪರೀಕ್ಷೆಗೆ ಕಳಿಸಿದೆ. ನಿನ್ನೆ ವಾಪಸು ಬಂತು, ಏನೂ ದೋಷವಿಲ್ಲ, ಹೊಸದರಷ್ಟೇ ಬಲವಿದೆ ಎಂದು ಬರೆದುಕೊಟ್ಟಿದ್ದಾರೆ. ಹಾಗಾದರೆ ಯಾಕೆ ಬಿಟ್ಟಿತು? ಭಾರ ಬಿದ್ದಾಗ ಮಾತ್ರ ಸೋಲುವ ಗುಣ ಏನೋ ಇದೆ, ಮೇಜಿನ ಮೇಲೆ ಗೊತ್ತಾಗುವುದಿಲ್ಲ ಎಂದು ನನ್ನ ಲೆಕ್ಕ. ಅಪ್ಪನ ಕಾಲು ಜಜ್ಜಿದ್ದೂ ಇಂಥದ್ದೇ ಇರಬೇಕು. ಅದಕ್ಕೆ ಇಪ್ಪತ್ತನೇ ತಾರೀಖು ಮೂರನೇ ಪ್ಲೇಟು ಏರಿಸುವಾಗ ಏಳನೇ ನಂಬರನ್ನೇ ಹಾಕಿಸಿ, ನಾನೇ ಕೆಳಗೆ ಮಲಗಿ, ಅದರ ಬಾಯಿಗೆ ಕಣ್ಣಿಟ್ಟು ನೋಡುತ್ತೇನೆ. ಬೇರೆ ಯಾರನ್ನೂ ಮಲಗಿಸುವುದಿಲ್ಲ. ಹಿಡಿಕೆಗೆ ಮೀಸೆಯಣ್ಣನೇ ಇರುತ್ತಾರೆ, ಅವರಷ್ಟು ನಂಬಿಕೆಯ ಕೈ ಇನ್ನೊಂದಿಲ್ಲ.

ನೀವು ಆಗ ಹತ್ತಿರದಿಂದ ನೋಡಿದವರು. ಯಾವ ಕಡೆಯಿಂದ ಬಿಡಲು ಶುರುವಾಯಿತು, ನೆನಪಿದ್ದರೆ ತಿಳಿಸಿ.

ಬೆಣೆ


ತಂತಿ. ೧೫ ಏಪ್ರಿಲ್

ಪತ್ರ ತಲುಪುವವರೆಗೆ ಪ್ಲೇಟಿನ ಕೆಳಗೆ ಹೋಗಬೇಡ. ದೊಡ್ಡಪ್ಪ.


೧೫ ಏಪ್ರಿಲ್

ಮಗಳೇ,

ತಂತಿ ಕೊಟ್ಟು ಈಗ ಬಂದು ಕೂತಿದ್ದೇನೆ. ಮೊದಲು “ಅಡಿಗೆ ಹೋಗಬೇಡ” ಎಂದು ಬರೆದಿದ್ದೆ. ದೊಡ್ಡಮ್ಮ ನೋಡಿ, “ಅಡಿಗೆಮನೆಗೆ ಹೋಗಬೇಡ ಅಂತ ತಂತಿ ಕೊಡ್ತಾರೇನ್ರೀ, ಕುಣಿದಾಡ್ತಾಳೆ ಅವಳು” ಅಂದಳು. ಹರಿದು ಬೇರೆ ಬರೆಯಬೇಕಾಯಿತು. ನಗು ಬರಲಿಲ್ಲ. ಒಂದು ಮಾತು ತಪ್ಪಾಗಿ ತಲುಪುವುದಕ್ಕೆ ಎಷ್ಟು ಕಡಿಮೆ ಸಾಕು ನೋಡು.

ನಿಮ್ಮ ಕಚೇರಿಗೆ ಫೋನು ಮಾಡಿ ಎಂದು ದೊಡ್ಡಮ್ಮ ಹೇಳಿದಳು. ಮಾಡಲಿಲ್ಲ. ಇದು ಕಚೇರಿಯವರ ಕಿವಿಗೆ ಮೊದಲು ಬಿದ್ದರೆ ಮೀಸೆಯಣ್ಣನ ಗತಿ ಏನಾಗುತ್ತದೆ ಎಂದು ನನಗೆ ಗೊತ್ತು. ಪತ್ರಕ್ಕೆ ನಾಲ್ಕು ದಿನ ಹಿಡಿಯುತ್ತದೆ. ಹತ್ತೊಂಬತ್ತಕ್ಕೆ ನಿನ್ನ ಕೈಯಲ್ಲಿರಬೇಕು. ಇರದಿದ್ದರೆ ಎಂದು ಯೋಚಿಸುವುದಕ್ಕೆ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಏಳನೇ ನಂಬರು ಸರಿಯಾಗಿಯೇ ಇದೆ. ಅದು ಬಿಡಲಿಲ್ಲ, ಅದನ್ನು ಮೀಸೆಯಣ್ಣ ಬಿಡಿಸಿದರು. ನೀನು ಹಿಡ್ಕೊಂಡ್ಬಿಡು ಅಂದೆ. ಆ ಗದ್ದಲದಲ್ಲಿ ಹಿಡ್ಕೊಂಡು ಎನ್ನುವುದು ಕೊಚ್ಚಿಹೋಗಿ ಕೊನೆಯ ತುಂಡು ಮಾತ್ರ ಮೇಲಕ್ಕೆ ಹೋಯಿತು. ಬಿಡು ಅಂದಮೇಲೆ ಯೋಚನೆ ಮಾಡುತ್ತಾ ನಿಲ್ಲಬೇಡಿ ಎಂದು ನೀನೇ ಕಲಿಸಿದ್ದೀಯ. ಅವರು ನಿಲ್ಲಲಿಲ್ಲ.

ಇದು ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ಹತ್ತೊಂಬತ್ತು ವರ್ಷದ ಹಿಂದೆ ಹಿಡಿಕೆಯ ಹತ್ತಿರ ಇದ್ದವನು ನಾನು.

ಅವತ್ತು ಸರಪಳಿ ಬೇರೆ ತಂಡಕ್ಕೆ ಬೇಕು ಎಂದು ಬೆಸುಗೆಗೆ ಮುಂಚೆಯೇ ಬಿಚ್ಚಿದ್ದೆವು. ಮಾಡಬಾರದು ಎಂದು ಇಬ್ಬರಿಗೂ ಗೊತ್ತಿತ್ತು. ಮೂರು ಜಿಗಣೆಯ ಮೇಲೆ ಪ್ಲೇಟು ನಿಂತಿತ್ತು, ನಿಮ್ಮಪ್ಪ ಕೆಳಗೆ ಅಂಚು ನೋಡುತ್ತಿದ್ದ. ಅಂಚು ಸರಿಮಾಡುವುದಕ್ಕೆ ಒಂದು ಜಿಗಣೆ ಬಿಟ್ಟು, ತಳ್ಳಿ, ಮತ್ತೆ ಕಚ್ಚಿಸುವುದು ದಿನಾ ಮಾಡುವ ಕೆಲಸ. ನಾನು “ಇನ್ನೊಂಚೂರು ಸರಿಸ್ಲಾ?” ಎಂದು ಕೇಳಿದೆ. ಅವನು “ಇರ್ಲಿ ಬಿಡು” ಅಂದ. ಅವನು ಇರ್ಲಿ ಎನ್ನುವ ಹೊತ್ತಿಗೆ ಯಾರೋ ಉಜ್ಜುವ ಯಂತ್ರ ಶುರುಮಾಡಿದರು. ನನಗೆ ಬಿಡು ಎನ್ನುವುದೊಂದೇ ಕೇಳಿಸಿತು. ನಾನು ಬಿಟ್ಟೆ. ಉಳಿದೆರಡು ಬಣ್ಣದ ಮೈಯ ಮೇಲೆ ಜಾರಿದವು. ಪ್ಲೇಟು ಅವನ ಕಾಲಿನ ಮೇಲೆ ಬಿತ್ತು.

ಇಷ್ಟೇ ಆಗಿದ್ದರೆ ನಾನು ಅಂದೇ ಎಲ್ಲರ ಮುಂದೆ ಹೇಳುತ್ತಿದ್ದೆ ಎಂದುಕೊಳ್ಳುತ್ತೇನೆ. ಇಷ್ಟೇ ಆಗಲಿಲ್ಲ. ನಾನು ಬಿಡಿಸಿದ ಜಿಗಣೆ ಅದು ಕೆಳಗೆ ಬೀಳದಂತೆ ಕಟ್ಟಿದ್ದ ತಂತಿಯಲ್ಲಿ ನೇತಾಡುತ್ತಿತ್ತು, ಹಿಡಿಕೆ ಬಿಟ್ಟ ಕಡೆಗೇ ಇತ್ತು. ಕೆಳಗೆ ನಿಮ್ಮಪ್ಪ ಕೂಗುತ್ತಿದ್ದ, ಅಣ್ಣಾ ಎಂದು. ನಾನು ಆ ಜಿಗಣೆಯನ್ನು ಎಳೆದು ಮೊದಲೇ ಬೆಸೆದಿದ್ದ ಮೇಲಿನ ಪ್ಲೇಟಿಗೆ ಒತ್ತಿ ಹಿಡಿಕೆ ತಿರುಗಿಸಿದೆ. ಟಕ್ ಅಂತು. ಅದಾದ ಮೇಲೆ ಕೆಳಗಿಳಿದೆ.

ಮೊದಲು ಹಿಡಿಕೆ, ಆಮೇಲೆ ತಮ್ಮ. ಈ ಕ್ರಮವನ್ನು ನಾನು ನಿಮ್ಮ ದೊಡ್ಡಮ್ಮನಿಗೂ ಹೇಳಿರಲಿಲ್ಲ. ಈಗ ತಂತಿ ಕಚೇರಿಯಿಂದ ಬರುವಾಗ ದಾರಿಯಲ್ಲಿ ಹೇಳಿದೆ. ಅವಳು ಚಪ್ಪಲಿ ಬಿಚ್ಚದೆ ಒಳಗೆ ಹೋಗಿ ಕೂತಿದ್ದಾಳೆ.

ತನಿಖೆಗೆ ಬಂದವರು ಹಿಡಿಕೆ ಕಚ್ಚಿದ ಕಡೆಗಿದೆ ಎಂದು ನೋಡಿ ಜಿಗಣೆಯೇ ಸೋತಿತು ಎಂದು ಬರೆದುಕೊಂಡರು. ಜಿಗಣೆಗಳನ್ನು ಪರೀಕ್ಷಿಸಿ ಕೊಡುತ್ತಿದ್ದ ಉಗ್ರಾಣದವನಿಗೆ ಕೆಲಸ ಹೋಯಿತು. ಅವನು ನನ್ನ ಜೊತೆ ಚಹಾ ಕುಡಿಯುತ್ತಿದ್ದ ಮನುಷ್ಯ. ನಾನು ನಿಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದ್ದನ್ನು ನೀನು ಕೇಳಿಸಿಕೊಂಡು, ಅದನ್ನೇ ನಂಬಿ, ಅದರ ಮೇಲೆ ನಿನ್ನ ತಂಡಕ್ಕೆ ಪಾಠ ಕಟ್ಟಿದ್ದೀಯ. ನಾನು ಹೇಳಿದ ಸುಳ್ಳನ್ನು ಪರೀಕ್ಷೆ ಮಾಡುವುದಕ್ಕೆ ನೀನು ಇಪ್ಪತ್ತನೇ ತಾರೀಖು ಕಬ್ಬಿಣದ ಕೆಳಗೆ ಮಲಗುತ್ತೀಯ.

ನಿಮ್ಮಪ್ಪನಿಗೆ ಗೊತ್ತೋ ಇಲ್ಲವೋ ನನಗೆ ತಿಳಿಯದು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನನ್ನ ಮುಖ ನೋಡಿ, “ಜಿಗಣೆ ಕೈ ಕೊಡ್ತು ಅಂತಿದಾರೆ, ಅಲ್ವಾ ಅಣ್ಣ” ಅಂದ. ನಾನು ಹೂಂ ಅಂದೆ. ಅವನು ಗೋಡೆ ಕಡೆ ತಿರುಗಿದ. ನನ್ನನ್ನು ಉಳಿಸಿದನೋ, ನಂಬಿದನೋ. ಈ ಪತ್ರವನ್ನು ಅವನಿಗೆ ಓದಿ ಹೇಳುವುದು ನಿನಗೆ ಸೇರಿದ್ದು. ಈ ಸಲ ಯಾವ ಭಾಗವನ್ನು ಹಾರಿಸಬೇಕು ಎಂದು ನಾನು ಹೇಳುವುದಿಲ್ಲ.

ಈಗ ಕೆಲಸದ ಮಾತು. ಬಿಡು ಎನ್ನುವುದನ್ನು ನಿಮ್ಮ ಕಟ್ಟೆಯಿಂದ ತೆಗೆದುಹಾಕು. ಕಳಚು ಎಂದು ಕೂಗಿ. ಆ ಮಾತು ಬೇರೆ ಮಾತಿನ ಬಾಲಕ್ಕೆ ಅಂಟಿಕೊಂಡು ಬರುವುದಿಲ್ಲ. ಮೇಲಿರುವವನು ಕೇಳಿಸಿದ್ದನ್ನು ತಿರುಗಿ ಕೂಗಲಿ, ನೀನು ಹೂಂ ಅನ್ನುವವರೆಗೆ ಕೈ ಹಾಕದಿರಲಿ. ಬೆಸುಗೆಗೆ ಮುಂಚೆ ಸರಪಳಿ ಯಾರು ಕೇಳಿದರೂ ಕೊಡಬೇಡ.

ಮೀಸೆಯಣ್ಣನನ್ನು ಒಬ್ಬರನ್ನೇ ಕರೆದುಕೊಂಡು ಹೋಗಿ ಕೇಳು. ಹೆದರಿದ ಮನುಷ್ಯ ಹಿಡಿಕೆಯ ಹತ್ತಿರ ಇದ್ದರೆ ಯಾವ ಮಾತೂ ಸರಿಯಾಗಿ ತಲುಪುವುದಿಲ್ಲ. “ನೀವಾ ತಿರುಗಿಸಿದ್ದು” ಎಂದು ಕೇಳಬೇಡ, ಇಲ್ಲ ಅನ್ನುತ್ತಾರೆ. ನಾನೂ ಅಂದಿದ್ದೆ. “ನಿಮಗೇನು ಕೇಳಿಸ್ತು” ಎಂದು ಕೇಳು. ತನಿಖೆಗೆ ಬಂದ ಏಳು ಜನರಲ್ಲಿ ಒಬ್ಬರೂ ನನ್ನನ್ನು ಹಾಗೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಆಣೆ ಮಾಡಲಾರೆ.

ಇದನ್ನು ಓದಿದ ಮೇಲೆ ನೀನು ನನಗೆ ಬರೆಯುವುದಿಲ್ಲವೆಂದು ಹೆದರಿಯೇ ಮಾರ್ಚ್‌ನ ಪತ್ರಕ್ಕೆ ಉತ್ತರ ಕೊಡಲಿಲ್ಲ. ಆ ಹೆದರಿಕೆ ಈಗಲೂ ಇದೆ. ಆದರೂ ಕೇಳುತ್ತೇನೆ. ಇಪ್ಪತ್ತನೇ ತಾರೀಖು ಸಂಜೆ ಕೆಲಸದಿಂದ ಮನೆಗೆ ಬಂದೆ ಎಂದು ಒಂದು ಸಾಲು ಬರೆ. ಬೈದು ಬರೆದರೂ ಸರಿ, ಮೇಲೆ ನನ್ನ ಹೆಸರೂ ಹಾಕಬೇಡ, ದೊಡ್ಡಮ್ಮನ ಹೆಸರಿಗೇ ಬರೆ. ಅಂದೇ ಅಂಚೆಗೆ ಹಾಕು.

ದೊಡ್ಡಪ್ಪ